ಮೂರನೇ ಹಸು ತರುವ ಮುನ್ನ



"ಡಾಕ್ಟ್ರೇ, ಸಾಲ ಮಾಡಿ ಇನ್ನೊಂದು ಹಸು ಕಟ್ಟೋಣ ಅಂತಿದ್ದೀನಿ" ಎಂದು ನಿಮ್ಮಲ್ಲಿ ಹಲವರು ಹೇಳುತ್ತೀರಿ. ನಾನು ಕೇಳುವುದು ಒಂದೇ: ಈಗಿರುವ ಎರಡರಲ್ಲಿ ಗಬ್ಬವಾಗಿರುವುದು ಎಷ್ಟು? ಉತ್ತರಕ್ಕೆ ತಡವರಿಸಿದರೆ, ಸದ್ಯ ಸಾಲ ಬೇಡ ಎನ್ನುತ್ತೇನೆ.

ಒಂದು ಬೆದೆ ತಪ್ಪಿದರೆ ಮುಂದಿನದಕ್ಕೆ ಸುಮಾರು 21 ದಿನ ಕಾಯಬೇಕು. ಮೂರು ತಪ್ಪಿದರೆ ಎರಡು ತಿಂಗಳು ಹೋಯಿತು. ಹಾಲು ಇಳಿಯುತ್ತದೆ, ಹಿಂಡಿ-ಬೂಸಾ ಖರ್ಚು ನಿಲ್ಲುವುದಿಲ್ಲ. ಈ ನಷ್ಟ ಡೇರಿ ಪಾಸ್‌ಬುಕ್ಕಿನಲ್ಲಿ ಕಾಣುವುದಿಲ್ಲ.

ಕೊಟ್ಟಿಗೆ ಗೋಡೆಗೆ ಕ್ಯಾಲೆಂಡರ್ ತೂಗುಹಾಕಿ. ಕರು ಹಾಕಿದ, ಬೆದೆಗೆ ಬಂದ, ಗರ್ಭಧಾರಣೆ ಮಾಡಿಸಿದ ದಿನಗಳನ್ನು ಬರೆಯಿರಿ. ಕರು ಹಾಕಿ 60 ದಿನ ಕಳೆದ ಮೇಲೆ ಬೆಳಿಗ್ಗೆ, ಸಂಜೆ, ಮಲಗುವ ಮುನ್ನ ಒಮ್ಮೆ ಬೆದೆ ಲಕ್ಷಣ ನೋಡಿ: ಕೂಗಾಟ, ಗಾಜಿನಂಥ ಲೋಳೆ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಿ. ಮತ್ತೆ ಬೆದೆಗೆ ಬರಲಿಲ್ಲವೆಂದು ಗಬ್ಬ ಎಂದುಕೊಳ್ಳಬೇಡಿ. ಮೂರನೇ ತಿಂಗಳಲ್ಲಿ ತಪಾಸಣೆ ಮಾಡಿಸಿ. ಮೂರು ಸಲ ಮಾಡಿಸಿಯೂ ಗಬ್ಬ ನಿಲ್ಲದಿದ್ದರೆ ಪಶುವೈದ್ಯರಿಗೆ ತೋರಿಸಿ.

ಎರಡೂ ಹಸುಗಳು 13 ತಿಂಗಳಿಗೊಮ್ಮೆ ಕರು ಹಾಕುವಂತಾದರೆ, ಮೂರನೇ ಹಸು ನಿಮ್ಮ ಕೊಟ್ಟಿಗೆಯಲ್ಲೇ ಹುಟ್ಟಬಹುದು. ಅದಕ್ಕೆ ಸಾಲವೂ ಇಲ್ಲ, ಬಡ್ಡಿಯೂ ಇಲ್ಲ.

– ಪಶುವೈದ್ಯಾಧಿಕಾರಿ