ಹಳ್ಳಿಯೋ, ಹಲ್ಲಿಯೋ?

ಶಿರಾದ ಉರ್ದು ಶಾಲೆಯಲ್ಲಿ ಓದಿ ಕನ್ನಡ ಹೈಸ್ಕೂಲಿಗೆ ಬಂದ ಹುಡುಗಿ ‘ಹಳ್ಳಿ’ಯನ್ನು ‘ಹಲ್ಲಿ’ ಎಂದು ಓದಿದರೆ ತರಗತಿ ಗೊಳ್ಳೆಂದು ನಗುತ್ತದೆ. ಪಾವಗಡದಲ್ಲಿ ತೆಲುಗು ಮನೆಮಾತಿನ ಹುಡುಗ ‘ಅಕ್ಕ ಬಂತು’ ಎಂದರೂ ಅದೇ ನಗು. ದಖನಿ ನಾಲಿಗೆಗೆ ‘ಳ’ಕಾರದ ರೂಢಿಯಿಲ್ಲ, ತೆಲುಗಿನಲ್ಲಿ ‘ಬಂದಳು’, ‘ಬಂತು’ ಎರಡಕ್ಕೂ ಒಂದೇ ಕ್ರಿಯಾಪದ ಎಂಬುದನ್ನು ನಗುವವರಿಗೆ ಯಾರೂ ಹೇಳಿಲ್ಲ. ನಕ್ಕವರು ಸಂಜೆಗೆ ಮರೆಯುತ್ತಾರೆ. ನಗಿಸಿಕೊಂಡ ಮಗು ಮತ್ತೆ ಬಾಯಿ ತೆರೆಯುವುದಿಲ್ಲ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿ ಚರ್ಚೆಯೆಲ್ಲ ಎಸ್ಸೆಸ್ಸೆಲ್ಸಿ ಫಲಿತಾಂಶದ ಶೇಕಡಾವಾರಿನದು. ಮುಖ್ಯ ಪರೀಕ್ಷೆ ಬರವಣಿಗೆಯದಾದ್ದರಿಂದ ಕಿವಿ ಯಾರಿಗೂ ಬೇಡವಾಗಿದೆ. ಆದರೆ ಕೇಳದ ಭಾಷೆಯನ್ನು ಮಗು ಬರೆಯುವುದಾದರೂ ಹೇಗೆ?

ಧ್ವನಿಪಾಠ ಹೊಸದೇನಲ್ಲ. 2000ದ ದಶಕದಲ್ಲಿ ಆಕಾಶವಾಣಿಯಿಂದ ‘ಚಿನ್ನರ ಚುಕ್ಕಿ’, ‘ಕೇಳಿ-ಕಲಿ’ಯಂಥ ಪಾಠಗಳು ನಮ್ಮ ಶಾಲೆಗಳಿಗೆ ಬಂದವು. 1974ರಲ್ಲಿ ನಿಕರಾಗುವಾದಲ್ಲಿ ಗಣಿತ ಕಲಿಸಲು ಶುರುವಾದ ಒಂದು ರೇಡಿಯೋ ಕ್ರಮದ ಗುಟ್ಟು ಸರಳ: ರೇಡಿಯೋ ಪ್ರಶ್ನೆ ಕೇಳಿ ಸುಮ್ಮನಾಗುತ್ತದೆ, ಆ ಮೌನದಲ್ಲಿ ಮಕ್ಕಳು ಉತ್ತರಿಸುತ್ತಾರೆ. ರೇಡಿಯೋದ ತೊಡಕೆಂದರೆ ಅದು ಯಾರಿಗೂ ಕಾಯುವುದಿಲ್ಲ. ಧ್ವನಿಮುದ್ರಿಕೆ ಕಾಯುತ್ತದೆ. ನಿಲ್ಲಿಸಬಹುದು, ಹತ್ತು ಸಲ ಹಿಂದಕ್ಕೆ ಕೊಂಡೊಯ್ಯಬಹುದು, ಹತ್ತನೆಯ ಸಲವೂ ಅದು ಸಿಡುಕುವುದಿಲ್ಲ. (ಮೇಷ್ಟರುಗಳು ಕ್ಷಮಿಸಬೇಕು.)

‘ಹಾಗಾದರೆ ಮೊಬೈಲು ಹಚ್ಚಿಟ್ಟರೆ ಸಾಕಲ್ಲ’ ಎನ್ನುವವರನ್ನು ನಾವು ಒಪ್ಪುವುದಿಲ್ಲ. ಪಾಠ ಕೂಗುತ್ತಿರುವಾಗ ಶಿಕ್ಷಕರು ಸಿಬ್ಬಂದಿ ಕೊಠಡಿಯಲ್ಲಿದ್ದರೆ ಅದು ಪಾಠವಲ್ಲ, ಮಕ್ಕಳನ್ನು ಕೂಡಿಹಾಕುವ ಉಪಾಯ. ಖಾಲಿ ಹುದ್ದೆ ತುಂಬದಿರಲು ಸರಕಾರಕ್ಕೆ ಇನ್ನೊಂದು ನೆಪವೂ ಆದೀತು. ‘ಯಂತ್ರ ಗುರುವಾದೀತೇ’ ಎಂದು ಮೂಗು ಮುರಿಯುವವರನ್ನೂ ಒಪ್ಪುವುದಿಲ್ಲ. ಹಾಫಿಜ್ ಆಗುವ ಮಗು ಉಸ್ತಾದರ ಬಾಯಿಂದ ಕೇಳಿ, ಒಪ್ಪಿಸಿ, ತಿದ್ದಿಸಿಕೊಂಡೇ ಕಲಿಯುತ್ತದೆ. ಶಿರಾ ಸೀಮೆಯ ಕಾಡುಗೊಲ್ಲರು ಜುಂಜಪ್ಪನ ಕಾವ್ಯವನ್ನು ತಲೆಮಾರುಗಳಿಂದ ಕಿವಿಯಲ್ಲೇ ಕಾಪಾಡಿದ್ದಾರೆ. ಇಂಥ ಮನೆಗಳ ಮಕ್ಕಳು ಕೇಳಿ ಕಲಿಯುವುದರಲ್ಲಿ ಹಿಂದೆಂದು ಯಾರು ಹೇಳಿಯಾರು? ಆ ವಿದ್ಯೆಯನ್ನು ಗೇಟಿನ ಹೊರಗೆ ಬಿಡಿಸಿ ಬರುವುದು ನಮ್ಮ ಶಾಲೆಗಳೇ.

ಕರೆಂಟಿನ ನೆಪ ಹೇಳುವವರಿಗೆ ಒಂದು ಮಾತು: ಪಾವಗಡದ ತಿರುಮಣಿಯ ಸುತ್ತ 13,000 ಎಕರೆ ಜಮೀನಿನಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನವಿದೆ. ಆ ತಾಲೂಕಿನ ಶಾಲೆಯಲ್ಲಿ ಒಂದು ಸ್ಪೀಕರು ಹಾಡಲಾಗದೆ?

ನಮ್ಮ ಜಗಳ ಯಂತ್ರದೊಂದಿಗಲ್ಲ, ಧ್ವನಿ ಯಾರದೆಂಬುದರ ಬಗ್ಗೆ. ಬೆಂಗಳೂರಿನ ಸ್ಟುಡಿಯೋದ ನುಣುಪು ಕನ್ನಡವೊಂದನ್ನೇ ಕೇಳಿಸಿದರೆ ಕೊರಟಗೆರೆಯ ರೈತನ ಮಗಳಿಗೂ ತನ್ನ ಅಪ್ಪನ ಮಾತು ತಪ್ಪೆನಿಸುತ್ತದೆ. ಮಧುಗಿರಿ ಸಂತೆಯ ಚೌಕಾಸಿ, ಗೊಲ್ಲರಹಟ್ಟಿಯ ಅಜ್ಜಿಯ ಕತೆ, ಶಿರಾದ ಸಾಬರು ಆಡುವ ಕನ್ನಡ, ಎಲ್ಲವೂ ಮುದ್ರಣವಾಗಿ ತರಗತಿಗೆ ಬರಲಿ. ಪಠ್ಯದ ಕನ್ನಡ ಅವುಗಳ ಪಕ್ಕದಲ್ಲಿ ಕೂರಲಿ.

ಮಕ್ಕಳ ಓದನ್ನೂ ಮುದ್ರಿಸಿಕೊಳ್ಳಿ. ತನ್ನ ‘ಹಲ್ಲಿ’ಯನ್ನು ತಾನೇ ಕೇಳಿಸಿಕೊಂಡ ಹುಡುಗಿ ತಿದ್ದಿಕೊಳ್ಳುತ್ತಾಳೆ, ಅದಕ್ಕೆ ನಲವತ್ತು ಜನರ ನಗೆ ಬೇಕಿಲ್ಲ. ಆದರೆ ಆ ಮುದ್ರಿಕೆ ಅವಳಿಗೆ ಮತ್ತು ಶಿಕ್ಷಕರಿಗೆ ಮಾತ್ರ ಇರಬೇಕು. ಅದು ಶಾಲೆಯ ವಾಟ್ಸಾಪ್ ಗುಂಪು ಸೇರಿದರೆ ಅದೇ ನಗು ಊರಿಡೀ ಹರಡುತ್ತದೆ.