ನಿಷೇಧ ಯಾರ ಮೇಲೆ? ಮಕ್ಕಳ ಮೇಲೋ, ಕಂಪೆನಿಗಳ ಮೇಲೋ?

ಹದಿನಾರು ವರ್ಷ ತುಂಬದ ಮಕ್ಕಳು ಸಾಮಾಜಿಕ ಜಾಲತಾಣಗಳನ್ನು ಬಳಸುವುದನ್ನು ನಿಷೇಧಿಸಲಾಗುವುದೆಂದು 2026ರ ಮಾರ್ಚ್ 6ರಂದು ಸಿದ್ದರಾಮಯ್ಯನವರು ತಮ್ಮ ಮುಂಗಡಪತ್ರದಲ್ಲಿ ಘೋಷಿಸಿದಾಗ ರಾಜ್ಯದ ಅನೇಕ ತಾಯಂದಿರು ನೆಮ್ಮದಿಯ ಉಸಿರು ಬಿಟ್ಟಿರಬಹುದು. ಊಟದ ತಟ್ಟೆಯ ಮುಂದೆಯೂ, ಪರೀಕ್ಷೆಯ ಹಿಂದಿನ ರಾತ್ರಿಯೂ ಮೊಬೈಲ್ ಕೆಳಗಿಡದ ಮಕ್ಕಳೊಂದಿಗೆ ದಿನವೂ ಸೆಣಸುವವರು ಅವರೇ ತಾನೇ?

ಇದು ದಿಢೀರನೆ ಹುಟ್ಟಿಕೊಂಡ ಆಲೋಚನೆಯಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಎಕ್ಸ್ ಕಂಪೆನಿಯ ಮೇಲ್ಮನವಿಯ ವಿಚಾರಣೆಯ ವೇಳೆ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠವು, ಶಾಲಾ ಮಕ್ಕಳು ಜಾಲತಾಣಗಳಿಗೆ ದಾಸರಾಗಿದ್ದಾರೆ, ಅಬಕಾರಿ ನಿಯಮದಲ್ಲಿರುವಂತೆ ಇದಕ್ಕೂ ವಯೋಮಿತಿ ಇರಬೇಕು ಎಂದು ಮೌಖಿಕವಾಗಿ ಅಭಿಪ್ರಾಯಪಟ್ಟಿತ್ತು. ನ್ಯಾಯಪೀಠವು ಹೋಲಿಕೆಗೆ ಮದ್ಯವನ್ನೇ ಆರಿಸಿಕೊಂಡದ್ದು ಅರ್ಥಪೂರ್ಣ. (ಆದರೆ ಮದ್ಯಕ್ಕೆ ವಯೋಮಿತಿಯನ್ನು ಇಟ್ಟ ಸರಕಾರಗಳೇ ಅದರ ಆದಾಯದ ಗುರಿಯನ್ನು ವರ್ಷದಿಂದ ವರ್ಷಕ್ಕೆ ಏರಿಸುತ್ತಾ ಬಂದಿವೆ ಎಂಬುದನ್ನು ಇಲ್ಲಿ ಮರೆಯಬಾರದು!)

ಮಕ್ಕಳ ರಕ್ಷಣೆಗೆ ಗಡಿಯೊಂದು ಬೇಕೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಧರ್ಮಸಮ್ಮತ ಮತ್ತು ನಿಷಿದ್ಧಗಳ ನಡುವಣ ಸಂದೇಹಾಸ್ಪದ ವಲಯದ ಕುರಿತು ಎಚ್ಚರಿಸುವಾಗ ಪ್ರವಾದಿ ಮುಹಮ್ಮದ್(ಸ)ರು ಅರಸನ ಮೀಸಲು ಹುಲ್ಲುಗಾವಲಿನ ಅಂಚಿನಲ್ಲಿ ಜಾನುವಾರು ಮೇಯಿಸುವವನ ಉಪಮೆಯನ್ನು ನೀಡಿದ್ದಾರೆ. ಅಂಚಿನಲ್ಲೇ ಮೇಯಿಸುವವನ ಹಿಂಡು ಒಳಗೆ ನುಗ್ಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ ಎಂಬುದು ಅದರ ಸಾರ. ಚಳ್ಳಕೆರೆ ಸೀಮೆಯ ನಮ್ಮ ಓದುಗರಿಗೆ ಈ ಉಪಮೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಅಲ್ಲಿನ ಉಳ್ಳಾರ್ತಿ ಕಾವಲ್ ಅಂತಹದೇ ಮೀಸಲು ಹುಲ್ಲುಗಾವಲು. ಮೈಸೂರು ಅರಸರ ಬೆಣ್ಣೆ ಚಾವಡಿಗೆ ಅಮೃತಮಹಲ್ ಎಂದು ಹೆಸರಿಟ್ಟವರು ಟಿಪ್ಪು ಸುಲ್ತಾನರು. ಆ ರಾಸುಗಳಿಗಾಗಿ ಕಾದಿರಿಸಿದ್ದ ಕಾವಲುಗಳಲ್ಲಿ ಸುತ್ತಲಿನ ಹಳ್ಳಿಗಳ ಕುರಿ, ದನಗಳೂ ತಲೆಮಾರುಗಳಿಂದ ಮೇಯುತ್ತಿದ್ದವು. 2010ರ ಆಸುಪಾಸಿನಲ್ಲಿ ಉಳ್ಳಾರ್ತಿಯೂ ಸೇರಿದಂತೆ ಆ ಭಾಗದ ಕಾವಲುಗಳ ಸಾವಿರಾರು ಎಕರೆಯನ್ನು ಭಾಭಾ ಪರಮಾಣು ಸಂಶೋಧನಾ ಕೇಂದ್ರ, ಡಿ.ಆರ್.ಡಿ.ಓ., ಇಸ್ರೋ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಹಂಚಲಾಯಿತು. ಬೇಲಿ, ಗೋಡೆಗಳು ಎದ್ದವು. ಕುರಿಗಾಹಿಗಳು ಬೀದಿಗಿಳಿದರು, ಪ್ರಕರಣವು ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೂ ಹತ್ತಿತು. ಯೋಜನೆಗಳು ಬೇಕೇ ಬೇಡವೇ ಎಂಬ ಚರ್ಚೆ ಇಲ್ಲಿ ಅಪ್ರಸ್ತುತ. ನಾವು ಹೇಳಹೊರಟಿರುವುದು ಇಷ್ಟೇ: ಕಾಯುವುದು ಬೇರೆ, ಗೋಡೆ ಕಟ್ಟುವುದು ಬೇರೆ. ಗೋಡೆ ಎದ್ದಾಗ ಹೊರಗುಳಿದದ್ದು ಕುರಿಮರಿಯೇ ಹೊರತು ದೊಡ್ಡ ಸಂಸ್ಥೆಗಳ ವಾಹನಗಳಲ್ಲ.

ಜಾಲತಾಣಗಳ ವಿಷಯದಲ್ಲೂ ಹೀಗೆಯೇ ಆದೀತೇ ಎಂಬುದು ನಮ್ಮ ಆತಂಕ. 2020ರ ಜೂನ್ 29ರಂದು ಕೇಂದ್ರ ಸರಕಾರವು ಟಿಕ್‌ಟಾಕ್ ಸೇರಿದಂತೆ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿದ್ದು ನೆನಪಿದೆಯಲ್ಲವೇ? ಹತ್ತು ದಿನ ಕಳೆಯುವುದರೊಳಗೆ, ಜುಲೈ 8ರಂದು, ಇನ್‌ಸ್ಟಾಗ್ರಾಮ್ ತನ್ನ ರೀಲ್ಸ್ ಅನ್ನು ಭಾರತದಲ್ಲಿ ಆರಂಭಿಸಿತು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಅಂಗಡಿಯ ಫಲಕ ಬದಲಾಯಿತು, ಸರಕು ಬದಲಾಗಲಿಲ್ಲ. ಬೆರಳಾಡಿಸಿದಷ್ಟೂ ಮುಗಿಯದ ವೀಡಿಯೋಗಳ ಸಾಲು, ಒಂದು ಮುಗಿದೊಡನೆ ತಾನಾಗಿಯೇ ಆರಂಭವಾಗುವ ಇನ್ನೊಂದು, ಮಗು ಎಲ್ಲಿ ಎಷ್ಟು ಕ್ಷಣ ತಡೆದು ನೋಡಿತೆಂದು ಲೆಕ್ಕವಿಟ್ಟು ಅದನ್ನೇ ಮತ್ತೆ ಮತ್ತೆ ಉಣಬಡಿಸುವ ಯಂತ್ರ, ಇವೆಲ್ಲ ಆಕಸ್ಮಿಕವಲ್ಲ. ನೋಡುವ ಪ್ರತಿ ನಿಮಿಷವೂ ಜಾಹೀರಾತಿನ ಹಣವಾಗುವ ವ್ಯಾಪಾರವಿದು. ಪ್ರತಿ ಮೂವರು ಹದಿಹರೆಯದ ಹುಡುಗಿಯರಲ್ಲಿ ಒಬ್ಬಳಿಗೆ ತನ್ನ ದೇಹದ ಬಗೆಗಿನ ಕೀಳರಿಮೆಯನ್ನು ಇನ್‌ಸ್ಟಾಗ್ರಾಮ್ ಹೆಚ್ಚಿಸುತ್ತಿದೆ ಎಂದು ಕಂಪೆನಿಯ ಆಂತರಿಕ ಸಂಶೋಧನೆಯೇ ಹೇಳಿದ್ದು 2021ರಲ್ಲಿ ಬಹಿರಂಗವಾಯಿತು. ಗೊತ್ತಿದ್ದೂ ಮಾರಿದವರನ್ನು ಬಿಟ್ಟು, ಗೊತ್ತಿಲ್ಲದೆ ನೋಡಿದ ಮಗುವನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವುದು ಯಾವ ನ್ಯಾಯ?

ಆಸ್ಟ್ರೇಲಿಯವು ಈ ವ್ಯತ್ಯಾಸವನ್ನು ಗುರುತಿಸಿದೆ. 2025ರ ಡಿಸೆಂಬರ್ 10ರಂದು ಜಾರಿಗೆ ಬಂದ ಅಲ್ಲಿನ ಕಾನೂನಿನಲ್ಲಿ 16 ವರ್ಷದೊಳಗಿನ ಮಗುವಿಗಾಗಲಿ, ಅದರ ಹೆತ್ತವರಿಗಾಗಲಿ ಶಿಕ್ಷೆಯಿಲ್ಲ. ಖಾತೆಗಳನ್ನು ತಡೆಯಲು ಸೂಕ್ತ ಕ್ರಮ ಕೈಗೊಳ್ಳದ ಕಂಪೆನಿಗೆ ಮಾತ್ರ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ. ಮೊದಲ ಕೆಲವು ವಾರಗಳಲ್ಲೇ ಸುಮಾರು 47 ಲಕ್ಷ ಖಾತೆಗಳನ್ನು ಕಂಪೆನಿಗಳು ಮುಚ್ಚಿದವು. ಆದರೆ ಆ ಕಾನೂನಿನ ವ್ಯಾಪ್ತಿಗೆ ವಾಟ್ಸ್‌ಆ್ಯಪ್ ಬರುವುದಿಲ್ಲ ಎಂಬುದು ಗಮನಾರ್ಹ.

ನಮ್ಮ ಮಹಲ್ಲಾಗಳ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳು ಉರಿದದ್ದು ಒಂದು ಫೇಸ್‌ಬುಕ್ ಬರಹದಿಂದ. ಪೊಲೀಸ್ ಗೋಲಿಬಾರಿನಲ್ಲಿ ಜೀವಗಳು ಹೋದವು, ನೂರಾರು ಯುವಕರು ಜೈಲು ಸೇರಿದರು. 2022ರ ಏಪ್ರಿಲ್‌ನಲ್ಲಿ ಹಳೇ ಹುಬ್ಬಳ್ಳಿಯಲ್ಲಿ ನಡೆದ ಗಲಭೆಗೆ ಒಂದು ವಾಟ್ಸ್‌ಆ್ಯಪ್ ಸ್ಟೇಟಸ್ ಕಾರಣವಾಯಿತು. ಅಲ್ಲೂ ನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಅದೇ ವರ್ಷದ ಮೊದಲ ದಿನ ಮುಸ್ಲಿಮ್ ಮಹಿಳೆಯರ ಭಾವಚಿತ್ರಗಳನ್ನು ಹರಾಜಿಗಿಟ್ಟ ಬುಲ್ಲಿ ಬಾಯ್ ಪ್ರಕರಣದಲ್ಲಿ ಸಿಕ್ಕಿಬಿದ್ದವರಲ್ಲಿ ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳಿದ್ದರು. ಅಂದರೆ ದ್ವೇಷವನ್ನು ಹರಡುವವನೂ, ಅದಕ್ಕೆ ಕೆರಳಿ ಬೀದಿಗಿಳಿಯುವವನೂ ಎಳೆಯರೇ. ಇಬ್ಬರ ಮನೆಯಲ್ಲೂ ಅಳುವವರು ಹೆತ್ತವರು. ಕೇಳಿದ ಸುದ್ದಿಯನ್ನು ಪರಿಶೀಲಿಸದೆ ನಂಬಬಾರದೆಂಬ ಪವಿತ್ರ ಕುರ್‌ಆನಿನ ಆದೇಶವನ್ನು ಬಾಯಿಪಾಠ ಮಾಡಿಸುವ ನಾವು, ಅದನ್ನು ಮೊಬೈಲಿನ ಫಾರ್ವರ್ಡ್‌ಗೆ ಅನ್ವಯಿಸುವುದನ್ನು ಮದ್ರಸಾದಲ್ಲಿ ಎಂದಾದರೂ ಕಲಿಸಿದ್ದೇವೆಯೇ?

ಈಗ ಸರಕಾರದ ಕಡೆಗೆ ಬರೋಣ. ಅಂತರ್ಜಾಲದ ನಿಯಂತ್ರಣ ಕೇಂದ್ರದ ಕೈಯಲ್ಲಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಸಂಸತ್ತಿನದು. ರಾಜ್ಯವೊಂದು ತಾನೇ ನಿಷೇಧ ಹೇರಲು ಹೊರಟರೆ ಕಂಪೆನಿಗಳು ಮರುದಿನವೇ ನ್ಯಾಯಾಲಯದಲ್ಲಿರುತ್ತವೆ. ಇದಕ್ಕಿಂತ ಮುಖ್ಯವಾಗಿ, ಕೈಯಲ್ಲಿರುವ ಕಾನೂನನ್ನು ಸರಕಾರಗಳು ಬಳಸುತ್ತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಚಲನವಲನವನ್ನು ಹಿಂಬಾಲಿಸುವುದನ್ನೂ, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನೂ ನಿಷೇಧಿಸುತ್ತದೆ. ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಕಡ್ಡಾಯ. ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ಆದರೆ ಇದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಹೊಣೆಗಾರಿಕೆಗಳನ್ನು ಪಾಲಿಸಲು ಕಂಪೆನಿಗಳಿಗೆ ಮತ್ತೆ ಹದಿನೆಂಟು ತಿಂಗಳ ಕಾಲಾವಕಾಶ! ಮಗುವಿಗೆ ತಕ್ಷಣದ ನಿಷೇಧ, ಕಂಪೆನಿಗೆ ಧಾರಾಳ ಗಡುವು. ರಾಜ್ಯ ಸರಕಾರಕ್ಕೆ ನಿಜವಾಗಿಯೂ ಕಾಳಜಿಯಿದ್ದರೆ ಅದು ಮೊದಲು ದನಿಯೆತ್ತಬೇಕಾದದ್ದು ಈ ಗಡುವಿನ ವಿರುದ್ಧ.

ವಯಸ್ಸನ್ನು ಖಚಿತಪಡಿಸಲು ಪ್ರತಿಯೊಬ್ಬರ ಆಧಾರ್ ಕೇಳುವ ವ್ಯವಸ್ಥೆ ಬಂದರೆ ಆ ಮಾಹಿತಿಯೂ ಅದೇ ಕಂಪೆನಿಗಳ ಕೈ ಸೇರಬಹುದು. ಜಾರಿಯ ಹೊಣೆ ಪೊಲೀಸರಿಗೆ ಬಂದರೆ ಯಾವ ಬಡಾವಣೆಯ ಹುಡುಗರ ಮೊಬೈಲ್‌ಗಳು ಮೊದಲು ತಪಾಸಣೆಗೊಳಗಾಗುತ್ತವೆ ಎಂಬುದನ್ನು ನಾವು ಅನುಭವದಿಂದ ಬಲ್ಲೆವು.

ಆದರೆ ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಹೆಣ್ಣುಮಕ್ಕಳ ಪ್ರಶ್ನೆ. ಗ್ರಾಮೀಣ ಭಾರತದ 14ರಿಂದ 16 ವಯಸ್ಸಿನ ಮಕ್ಕಳ ಕುರಿತು 2024ರ ಅಸರ್ ವರದಿಯು, ಸ್ಮಾರ್ಟ್‌ಫೋನ್ ಬಳಸಬಲ್ಲವರಲ್ಲಿ ಸ್ವಂತ ಫೋನ್ ಇರುವ ಹುಡುಗರು ನೂರಕ್ಕೆ 36, ಹುಡುಗಿಯರು 27 ಎಂದು ಹೇಳಿದೆ. ಹಿಂದಿನ ಒಂದು ವಾರದಲ್ಲಿ ನೂರಕ್ಕೆ 76 ಮಕ್ಕಳು ಜಾಲತಾಣಗಳನ್ನು ನೋಡಿದ್ದರು ನಿಜ, ಆದರೆ 57 ಮಕ್ಕಳು ಕಲಿಕೆಗೂ ಬಳಸಿದ್ದರು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಮೊಬೈಲನ್ನು ಮಕ್ಕಳ ಕೈಗಿತ್ತದ್ದು ಶಾಲೆಗಳು ಮತ್ತು ಸರಕಾರವೇ ಎಂಬುದನ್ನು ಮರೆಯಲಾದೀತೇ? 2022ರ ಹಿಜಾಬ್ ಆದೇಶದಿಂದ ತರಗತಿಯ ಹೊರಗುಳಿದ ವಿದ್ಯಾರ್ಥಿನಿಗೆ ಉಳಿದದ್ದು ಫೋನಿನಲ್ಲಿ ಸಿಗುವ ಪಾಠವೊಂದೇ. ಇನ್ನು ನಿಷೇಧದ ಸುದ್ದಿ ಬಂದೊಡನೆ ನಮ್ಮ ಮನೆಗಳಲ್ಲಿ ಏನಾಗುತ್ತದೆ? ಮಗನ ಕೈಯ ಮೊಬೈಲ್ ಹಾಗೆಯೇ ಉಳಿಯುತ್ತದೆ, ಸರಕಾರದ ಹೆಸರಿನಲ್ಲಿ ಮಗಳ ಕೈಯದನ್ನು ಕಿತ್ತುಕೊಳ್ಳಲಾಗುತ್ತದೆ. ಅದರೊಂದಿಗೆ ಅವಳ ವಿದ್ಯಾರ್ಥಿವೇತನದ ಅರ್ಜಿ, ತರಗತಿಯ ಗುಂಪು, ಗೆಳತಿ ಕಳುಹಿಸುವ ಟಿಪ್ಪಣಿ ಎಲ್ಲವೂ ಹೋಗುತ್ತವೆ. ಮಗನಿಗೊಂದು, ಮಗಳಿಗೊಂದು ಎಂಬ ಈ ಎರಡು ಅಳತೆಗೆ ಇಸ್ಲಾಮಿನ ಮುದ್ರೆಯೊತ್ತುವ ಧೈರ್ಯ ಯಾರೂ ಮಾಡದಿರಲಿ.

ನೀವು ಪ್ರತಿಯೊಬ್ಬರೂ ಕುರಿಗಾಹಿಗಳು, ನಿಮ್ಮ ಹಿಂಡಿನ ಕುರಿತು ನಿಮ್ಮನ್ನು ಪ್ರಶ್ನಿಸಲಾಗುವುದು ಎಂಬರ್ಥದ ಪ್ರವಾದಿ(ಸ)ರ ಮಾತು ಜುಮಾ ಖುತ್ಬಾಗಳಲ್ಲಿ ಆಗಾಗ ಕೇಳಿಬರುತ್ತದೆ. ಇಶಾ ನಮಾಝ್ ಮುಗಿಸಿ ಬಂದ ತಂದೆ ದಿವಾನದ ಮೇಲೆ ಒರಗಿ ಗಂಟೆಗಟ್ಟಲೆ ರೀಲ್ಸ್ ನೋಡುತ್ತಾ ಹದಿಮೂರರ ಮಗನಿಗೆ 'ಫೋನ್ ಇಡೋ' ಎಂದು ಗದರಿಸುವ ಮನೆಯಲ್ಲಿ ಯಾವ ಕಾನೂನು ತಾನೇ ನಿಂತೀತು? ಅನೇಕ ಮನೆಗಳಲ್ಲಿ ಮಗು ನೋಡುವುದು ತಂದೆಯದೇ ಖಾತೆಯಲ್ಲಿ. ಅಲ್ಲಿ ವಯಸ್ಸು ನಲವತ್ತೆಂದೇ ದಾಖಲಾಗಿರುತ್ತದೆ. ಮೊಬೈಲ್ ಬಿಟ್ಟ ಹುಡುಗ ಸಂಜೆ ಹೋಗಬೇಕಾದದ್ದಾದರೂ ಎಲ್ಲಿಗೆ? ಪಟ್ಟಣದ ನಮ್ಮ ಗಲ್ಲಿಗಳಲ್ಲಿ ಆಟದ ಬಯಲಿಲ್ಲ, ಓದುವ ಕೋಣೆಯಿಲ್ಲ. ನಿಕಾಹ್ ಇಲ್ಲದ ದಿನಗಳಲ್ಲಿ ಬೀಗ ಹಾಕಿರುವ ಜಮಾಅತ್‌ನ ಸಭಾಂಗಣಗಳನ್ನು ಅಸರ್‌ನಿಂದ ಇಶಾವರೆಗೆ ಮಕ್ಕಳ ಓದಿಗೂ ಆಟಕ್ಕೂ ತೆರೆಯುವ ಬಗ್ಗೆ ಆಡಳಿತ ಸಮಿತಿಗಳು ಮುಂದಿನ ಸಭೆಯಲ್ಲೇ ತೀರ್ಮಾನಿಸಬಹುದಲ್ಲವೇ? ಅಲ್ಲಿ ಹೆಣ್ಣುಮಕ್ಕಳಿಗೂ ಪ್ರತ್ಯೇಕ ಸಮಯವಿರಲಿ.