ಗಾಲಿ ಮೇಲಿನ ಮನೆಯೂ ಒಂದು ಗುಳೆಯೇ

ಅಮೆರಿಕದಲ್ಲಿ ಗಾಡಿಯನ್ನೇ ಮನೆ ಮಾಡಿಕೊಂಡು ತಿರುಗುವವರು ಬಹಳವಾಗಿದ್ದಾರೆ ಎಂದು ಪೇಪರಿನವರು ಬರೆಯುತ್ತಾರೆ. ಕ್ಯಾಂಪರ್ ವ್ಯಾನ್ ಅಂತ ಅದರ ಹೆಸರು. ಒಳಗೇ ಮಂಚ, ಒಲೆ, ಪಾಯಖಾನೆ. ಕೊರೋನಾ ಕಾಲದಲ್ಲಿ ಹೋಟೆಲು, ವಿಮಾನ ಬೇಡವೆಂದು ಜನ ಮುಗಿಬಿದ್ದು ಕೊಂಡರು. 2021 ಒಂದೇ ವರ್ಷ ಸುಮಾರು 6 ಲಕ್ಷ ಗಾಡಿಮನೆ ಕಾರ್ಖಾನೆಯಿಂದ ಹೊರಬಿದ್ದವು. 2023ಕ್ಕೆ ಅದು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು, ಆ ಮಾತು ಬೇರೆ.

ಮೋಜಿಗೆ ತಿರುಗುವವರು ತಿರುಗಲಿ, ಅವರ ದುಡ್ಡು. ಆದರೆ ಈ ಗಾಡಿಗಳಲ್ಲಿ 2008ರ ಮುಗ್ಗಟ್ಟಿನಲ್ಲಿ ಮನೆ ಕಳಕೊಂಡವರು, ಪಿಂಚಣಿಯಲ್ಲಿ ದಿನ ನೂಕಲಾಗದ ಮುದುಕರೂ ಇದ್ದಾರೆ. ಹಂಗಾಮು ಇದ್ದಲ್ಲಿಗೆ ಗಾಡಿ ಹೊಡಕೊಂಡು ಹೋಗಿ ದುಡಿಯುತ್ತಾರೆ. ಇದಕ್ಕೆ ಗುಳೆ ಅನ್ನದೆ ಇನ್ನೇನು ಅನ್ನೋಣ?

ಮಿನ್ನೆಸೋಟ, ನಾರ್ತ್ ಡಕೋಟ ಗಡಿಯ ರೆಡ್ ನದಿ ಬಯಲಲ್ಲಿ ಸಕ್ಕರೆ ಬೀಟ್ ಬೆಳೆಯುತ್ತಾರೆ. ಮೂಲಂಗಿಯಂಥ ದಪ್ಪ ಗಡ್ಡೆ. ಅಕ್ಟೋಬರ್ ಮೊದಲಿಗೆ ಕೊಯ್ಲು ಸುರು. ನೆಲ ಹೆಪ್ಪುಗಟ್ಟುವ ಮುಂಚೆ ಕಿತ್ತು ಬಯಲಲ್ಲೇ ರಾಶಿ ಹಾಕಬೇಕು. ಬಿಸಿಲೇರಿದರೆ ರಾಶಿ ಕೊಳೆತೀತೆಂದು ಕೆಲಸ ನಿಲ್ಲಿಸುತ್ತಾರೆ. ಕೀಳುವುದು ಯಂತ್ರವೇ. ಆದರೂ ಲಾರಿಗೆ ದಾರಿ ತೋರಲು, ಮಣ್ಣು ಬಳಿಯಲು, ಸ್ಯಾಂಪಲ್ ಹಿಡಿಯಲು ಆಳು ಬೇಕು. ಹಗಲೂ ರಾತ್ರಿ 12 ತಾಸಿನ ಪಾಳಿ, ಚಳಿಯಲ್ಲಿ. ಇದಕ್ಕೆ ಗಾಡಿಮನೆಯವರನ್ನು ಕರೆಸುತ್ತಾರೆ. ಕೂಲಿಯಲ್ಲದೆ ಗಾಡಿ ನಿಲ್ಲಿಸಲು ಜಾಗ, ನೀರು, ಕರೆಂಟು, ಕೊಳಚೆ ಹೋಗುವ ಪೈಪು ಎಲ್ಲ ಕಂಪನಿಯದೇ ಖರ್ಚು.

ನಮ್ಮಲ್ಲೂ ಸಕ್ಕರೆಗಾಗಿಯೇ ಗುಳೆ ಹೋಗುತ್ತಾರೆ. ಮಳೆ ಕೈಕೊಟ್ಟ ವರ್ಷ ನಮ್ಮ ಒಣಭೂಮಿ ಊರುಗಳಿಂದ ಗಂಡ ಹೆಂಡತಿ ಕೂಡಿ ಮುಂಗಡ ಇಸಕೊಂಡು ಕಬ್ಬು ಕಡಿಯಲು ಹೊರಡುತ್ತಾರೆ. ಎರಡು ಹಂಗಾಮು ನಾನೂ ಹೋಗಿದ್ದೆ. ನಾಲ್ಕೈದು ತಿಂಗಳು ತಾಡಪತ್ರಿ ಜೋಪಡಿಯೇ ಮನೆ. ಕಾಲುವೆ ನೀರು, ದೀಪವಿಲ್ಲ. ಹೆಣ್ಣುಮಕ್ಕಳು ನಸುಕಿಗಿಂತ ಮೊದಲೆದ್ದು ಕಬ್ಬಿನ ಮರೆಗೆ ಹೋಗಬೇಕು. ಅಲ್ಲಿ ಹಾವಿನ ಭಯ ಬೇರೆ.

ಯಾರೂ ವ್ಯಾನು ಕೇಳುತ್ತಿಲ್ಲ. ಗ್ಯಾಂಗು ಇಳಿಯುವ ಜಾಗದಲ್ಲಿ ಒಂದು ನಳ, ನಾಲ್ಕು ಪಾಯಖಾನೆ, ಎರಡು ಬಲ್ಬು ಸಾಕು. ಖರ್ಚು ಯಾರ ತಲೆಗೆ ಎಂದು ಕಬ್ಬು ಬೆಳೆಯುವ ಅಣ್ಣಂದಿರು ಕೇಳಬಹುದು. ಖರೆ, ಅವರದೂ ಕಷ್ಟವೇ. ಆದರೆ ಗ್ಯಾಂಗು ಬರದೆ ಕಬ್ಬು ನಿಂತಲ್ಲೇ ಒಣಗಿ ತೂಕ ಕಳಕೊಂಡ ವರ್ಷದ ಲೆಕ್ಕವನ್ನೂ ಜೊತೆಗಿಟ್ಟು ನೋಡಲಿ. ದರದ ಮಾತಿಗೆ ಫ್ಯಾಕ್ಟರಿಯವರ ಮುಂದೆ ಕೂತಾಗ ಈ ನಳ, ಪಾಯಖಾನೆಯ ಮಾತನ್ನೂ ಅವರೇ ಎತ್ತಬೇಕು. ಕಡಿಯುವವರನ್ನು ಆ ಸಭೆಗೆ ಯಾರೂ ಕರೆಯುವುದಿಲ್ಲ.